ಹೋಳಿಗೆಗೆ ಹೋದ ನೀರು

ಹೋದ ವರ್ಷ ನೀಲಮ್ಮನವರ ಮೊಮ್ಮಗಳ ಮದುವೆಗೆಂದು ಯಡ್ರಾಮಿಗೆ ಹೊರಟಿದ್ದೆ. ಜೇವರ್ಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಹಿಂದೆ ಈಗ ಶುದ್ಧ ನೀರಿನ ಘಟಕವೊಂದು ಬಂದಿದೆ, ಅದರ ಮುಂದೆ ನೀಲಿ ಕ್ಯಾನುಗಳ ಸಾಲು. ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಪಕ್ಕದವಳಿಗೆ ಹೇಳುತ್ತಿದ್ದಳು: "ಕುಡಿಲಾಕ ನಮಗ ಬೋರಿನ ನೀರೇ ಸಾಕಬೇ. ಇದು ಬ್ಯಾಳಿ ಕುದಿಸ್ಲಾಕ ಒಯ್ಯಾಕತ್ತೀನಿ. ಬೋರಿನ ನೀರಿಗಿ ಬ್ಯಾಳಿ ಬೇಯಂಗಿಲ್ಲ ನೋಡು."

ನಾನು ಬ್ಯಾಗು ಕೆಳಗಿಟ್ಟು ಜೋರಾಗಿ ನಕ್ಕುಬಿಟ್ಟೆ. ಇಬ್ಬರೂ ತಿರುಗಿ ನೋಡಿದರು. ಅಕ್ಕ, ನೀನು ಈಗ ಹೇಳಿದ ಆ ಒಂದು ಮಾತಿನ ಮೇಲೆ ನಾನು ಡಾಕ್ಟರೇಟ್ ಪಡೆದವಳು ಎಂದು ಹೇಳಿದ್ದರೆ ಬಿಸಿಲು ನೆತ್ತಿಗೇರಿದೆ ಎಂದುಕೊಳ್ಳುತ್ತಿದ್ದರು. ಸುಮ್ಮನೆ ಬಸ್ಸು ಹತ್ತಿದೆ. ಯಡ್ರಾಮಿ ಬರುವವರೆಗೂ ಕಣ್ಣ ಮುಂದೆ ಅದೇ ಬೇಸಿಗೆ.

ತೊಂಬತ್ತರ ದಶಕದ ನಡುವಿನ ಬೇಸಿಗೆ ಅದು. ಆಳಂದದವಳಾದ ನಾನು ಜೇವರ್ಗಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಜೊತೆಗೆ ಕಲಬುರಗಿಯ ಪ್ರೊಫೆಸರೊಬ್ಬರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆ. ಕರುಳಿನ ಒಳಮೈಯಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ನಡುವೆ ಸಂದಿ ಬೀಳದಂತೆ ಅವನ್ನು ಹಿಡಿದಿಡುವ ಒಂದು ಪ್ರೋಟೀನ್ ಇದೆ, ಕ್ಯಾಡ್‌ಹೆರಿನ್ ಎಂದು ಅದರ ಹೆಸರು. ಕುರಿಮರಿ ಹಾಲು ಬಿಟ್ಟು ಮೇವಿಗೆ ಬಾಯಿ ಹಾಕುವ ದಿನಗಳಲ್ಲಿ ಅದರ ಕರುಳಿನೊಳಗೆ ಈ ಹಿಡಿತ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂದು ನೋಡುವುದು ನನ್ನ ವಿಷಯ. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯ ಹುಡುಗಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ನಮ್ಮಪ್ಪ ಕೇಳಿದ್ದುಂಟು. ಸಿಗಲಿಲ್ಲ, ಏನು ಮಾಡಲಿ.

ಪ್ರೋಟೀನು ಬರಿಗಣ್ಣಿಗಿರಲಿ, ಸೂಕ್ಷ್ಮದರ್ಶಕಕ್ಕೂ ತಾನಾಗಿ ಕಾಣುವಂಥದ್ದಲ್ಲ. ಕರುಳಿನ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಮೇಲೆ ಆಂಟಿಬಾಡಿಯ ಒಂದು ಹನಿ ಬಿಡಬೇಕು. ಜಾತ್ರೆಯಷ್ಟು ಮಂದಿ ಇದ್ದರೂ ತಾಯಿ ತನ್ನ ಮಗುವನ್ನೇ ಹುಡುಕಿ ಎತ್ತಿಕೊಳ್ಳುವ ಹಾಗೆ ಆಂಟಿಬಾಡಿ ಹೋಗಿ ಆ ಒಂದೇ ಪ್ರೋಟೀನನ್ನು ಹಿಡಿಯುತ್ತದೆ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಇನ್ನೆರಡು ಔಷಧಿ ಹಾಕಿದರೆ ಅದು ಹಿಡಿದ ಜಾಗವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಬಫರ್ ಎಂಬ ಉಪ್ಪುನೀರಿನಲ್ಲಿ ತೊಳೆಯುತ್ತಿರಬೇಕು. ಎಲ್ಲ ಸರಿಹೋದರೆ ಪ್ರತಿ ಜೀವಕೋಶದ ಸುತ್ತ ಕಂದು ಗೆರೆ, ಸಣ್ಣ ಕಣ್ಣಿನ ಬಲೆ ಹಾಸಿದಂತೆ ಕಾಣಬೇಕು.

ನನಗೆ ಕಾಣುತ್ತಿರಲಿಲ್ಲ. ಒಂದು ವರ್ಷದಿಂದ ಕಾಣುತ್ತಿರಲಿಲ್ಲ. ವಿದೇಶದಿಂದ ತರಿಸಿದ ಆಂಟಿಬಾಡಿ ಬೆರಳಿನ ಒಂದು ಗೆಣ್ಣಿನಷ್ಟು ಶೀಷೆಯಲ್ಲಿ ತಳ ಕಾಣುತ್ತ ಬಂದಿತ್ತು. ಏಪ್ರಿಲ್‌ನಲ್ಲಿ ಗೈಡ್ ಸರ್ ಕಡ್ಡಿ ಮುರಿದ ಹಾಗೆ ಹೇಳಿದರು: "ಜೂನ್‌ನಾಗ ಕಾಲೇಜು ಶುರು ಆಗೂದ್ರಾಗ ಬಣ್ಣ ಬರ್ಲಿಲ್ಲ ಅಂದ್ರ ವಿಷಯ ಬದಲಿ ಮಾಡಮ್ಮ. ಇನ್ನೊಂದು ಶೀಷೆ ತರ್ಸಾಕ ಆಗಂಗಿಲ್ಲ. ಭೀಮಾ ನದಿ ಮೀನಿನ ಹುರುಪೆ ಎಣಿಸು, ಆರಾಮ ಅದ." ಮೂರು ವರ್ಷದ ಕೆಲಸ ಬಿಟ್ಟು ಮೀನಿನ ಹುರುಪೆ ಎಣಿಸಬೇಕೆ! ಬಸ್ಸಿನಲ್ಲಿ ಜೇವರ್ಗಿವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಕಾಲೇಜಿನ ಪ್ರಯೋಗಾಲಯಕ್ಕೆ ತಗಡಿನ ಮಾಡು. ಮೇ ತಿಂಗಳ ಬಿಸಿಲಿಗೆ ಮೇಣ ಮೆತ್ತಗಾಗಿ ಕೊಯ್ಯಲು ಬರುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೇ ಹೋಗಿ, ಮೇಣದ ತುಂಡನ್ನು ಮಂಜುಗಡ್ಡೆಯ ಮೇಲೆ ಕೂರಿಸಿ ಕೊಯ್ಯುತ್ತಿದ್ದೆ. ಕರುಳು ತರುವ ಕೆಲಸ ನಮ್ಮ ಪ್ರಯೋಗಾಲಯದ ಜವಾನ ಖಾಜಾಸಾಬರದು. ಇನ್ನೆರಡು ವರ್ಷಕ್ಕೆ ನಿವೃತ್ತರಾಗಲಿದ್ದ, ಮಾತಿಗೊಮ್ಮೆ ನಗುವ ಮನುಷ್ಯ. ಮೊದಲ ಸಲ ನಾನೇ ಸೆರಗು ತಲೆಗೆ ಹೊದ್ದುಕೊಂಡು ಕಸಾಯಿ ಅಂಗಡಿಗೆ ಹೊರಟಾಗ ಅವರು ಅಡ್ಡ ನಿಂತಿದ್ದರು. "ಮೇಡಮ್ಮರ, ನೀವು ಆ ಕಡೀಗಿ ಹೋಗಬ್ಯಾಡ್ರಿ. ನಾಳಿ ಇಡೀ ಊರಾಗ ಅಕ್ಕೋರು ಮಟನ್ ತಿನ್ನಾಕತ್ಯಾರ ಅಂತ ಸುದ್ದಿ ಆಗ್ತದ. ನೀಲಮ್ಮವ್ವಾರ ನಿಮ್ಮ ಪೆಟಗಿ ಹೊರಗ ಇಡ್ತಾರ. ಫಿಕರ್ ಬಿಡ್ರಿ, ನಾ ತರ್ತೀನಿ."

ನೀಲಮ್ಮನವರು ನಾನು ಬಾಡಿಗೆಗಿದ್ದ ಮನೆಯ ಯಜಮಾನಿ. ಐವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ. ಗಂಡ ತೀರಿಕೊಂಡ ಮೇಲೆ ತೊಗರಿ ಹೊಲವನ್ನೂ ಒಬ್ಬನೇ ಮಗ ಶರಣಪ್ಪನನ್ನೂ ಗದರಿಸಿ ಗದರಿಸಿಯೇ ದಾರಿಗೆ ತಂದವರು. ಅವರ ಕಲ್ಲಿನ ಮನೆಯ ಗೋಡೆ ಎರಡು ಮೊಳ ದಪ್ಪ, ನೆಲಕ್ಕೆ ಶಹಾಬಾದಿ ಪರಸಿಕಲ್ಲು. ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಆಂಟಿಬಾಡಿ ಹಾಕಿದ ಸ್ಲೈಡು ರಾತ್ರಿಯೆಲ್ಲ ಒದ್ದೆಯಾಗಿಯೇ ಇರಬೇಕು, ಒಣಗಿದರೆ ಕತೆ ಮುಗಿಯಿತು. ತಗಡಿನ ಕೆಳಗೆ ಅದು ಆಗದ ಮಾತು. ಹಾಗಾಗಿ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಕೊಯ್ದ ಸ್ಲೈಡುಗಳನ್ನೂ ಒಂದು ಸೂಕ್ಷ್ಮದರ್ಶಕವನ್ನೂ ಮನೆಗೇ ತಂದುಕೊಂಡೆ. ಶೀಷೆ ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿತ್ತು.

"ಈ ಗಾಜಿನ ಮ್ಯಾಲ ಏನದ್ರಿ ಅಕ್ಕೋರ?" ಎಂದು ಮೊದಲ ದಿನವೇ ನೀಲಮ್ಮ ಕೇಳಿದರು.

"ವಿಜ್ಞಾನ ಅದ್ರಿ ಅವ್ವಾರ," ಎಂದೆ. ಸುಳ್ಳಲ್ಲ. ಆದರೆ ಕೊರಳಲ್ಲಿ ಲಿಂಗ ಕಟ್ಟಿದ ಆ ತಾಯಿಯ ಮುಖ ನೋಡಿ ಹೇಳಲು ಧೈರ್ಯ ಸಾಲದೆ ನೆಲ ನೋಡುತ್ತ ಹೇಳಿದೆ.

ಸ್ಲೈಡು ಒದ್ದೆಯಾಗಿಡುವ ಉಪಾಯವನ್ನು ಹೇಳಿಕೊಟ್ಟದ್ದೂ ಅವರೇ. ನಮ್ಮ ಕಡೆ ಕಡಕ್ ಜೋಳದ ರೊಟ್ಟಿಗೆ ನೀರು ಚಿಮುಕಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಊಟದ ಹೊತ್ತಿಗೆ ಮೆತ್ತಗಾಗುತ್ತದೆ. ನನ್ನ ಪರದಾಟ ನೋಡಲಾರದೆ ಅವರು ತಮ್ಮ ಅಗಲವಾದ ಹಿತ್ತಾಳೆ ರೊಟ್ಟಿ ಡಬ್ಬಿಯನ್ನೇ ತಂದು, ತಳಕ್ಕೆ ಒದ್ದೆ ಅರಿವೆ ಹಾಸಿ ಕೊಟ್ಟರು. "ಇದರಾಗ ಇಡ್ರಿ. ಬೆಳತನಕ ಹಸಿ ಆರಂಗಿಲ್ಲ." ನಾನು ಕುರಿಕರುಳಿನ ಸ್ಲೈಡುಗಳನ್ನು ಅದರಲ್ಲಿ ಸಾಲಾಗಿ ಜೋಡಿಸಿ, ಮುಚ್ಚಳ ಹಾಕಿ, ದೇವರೇ ಕ್ಷಮಿಸು ಎಂದೆ.

ಡಬ್ಬಿ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಸ್ಲೈಡು ಒಣಗಲಿಲ್ಲ, ಆದರೆ ಬಣ್ಣವೂ ಬರಲಿಲ್ಲ. ಬೆಳಿಗ್ಗೆ ಕಿಟಕಿಯ ಬಿಸಿಲನ್ನು ಸೂಕ್ಷ್ಮದರ್ಶಕದ ಕನ್ನಡಿಗೆ ಬೀಳಿಸಿ ನೋಡಿದರೆ ತೊಳೆದ ಪಂಚೆಯ ಹಾಗೆ ಬೆಳ್ಳಗೆ. ಆಂಟಿಬಾಡಿ ಹೆಚ್ಚಿಗೆ ಹಾಕಿ ನೋಡಿದೆ, ಹೊತ್ತು ಹೆಚ್ಚಿಸಿ ನೋಡಿದೆ. ಕೆಲಸಕ್ಕೆ ಬೇಕಾದ ನೀರನ್ನು ಮಾತ್ರ ಕಲಬುರಗಿಯಿಂದಲೇ ತರುತ್ತಿದ್ದೆ. ಅಲ್ಲಿ ಆವಿ ಮಾಡಿ ಇಳಿಸಿದ, ಯಾವ ಲವಣವೂ ಇಲ್ಲದ ಶುದ್ಧ ನೀರು ಹತ್ತು ಲೀಟರಿನ ಬಿಳಿ ಕ್ಯಾನಿನಲ್ಲಿ. ಪುಡಿಯ ಪೊಟ್ಟಣ ಒಡೆದು ಅದರಲ್ಲಿ ಕರಗಿಸಿದರೆ ಬಫರ್ ಸಿದ್ಧ. ನೀರಿನಷ್ಟು ನಂಬಿಕೆ ನನಗೆ ಬೇರೆ ಯಾವುದರ ಮೇಲೂ ಇರಲಿಲ್ಲ.

ನೀಲಮ್ಮನವರಿಗೂ ಆ ಕ್ಯಾನಿನ ಮೇಲೆ ಕಣ್ಣಿತ್ತು. ಜೇವರ್ಗಿಯ ನೆಲವೆಲ್ಲ ಸುಣ್ಣದ ಕಲ್ಲು. ಮನೆ ಮುಂದಿನ ಬೋರಿನ ಪಂಪು ಹೊಡೆದರೆ ಬರುವುದು ಗಡಸು ನೀರು, ಕಾಯಿಸಿದ ಪಾತ್ರೆಗೆಲ್ಲ ಬಿಳಿ ಹಕ್ಕಳೆ. ಅಡಿಗೆಗೆ ಅವರು ದೂರದ ಸಿಹಿನೀರಿನ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ಆ ವರ್ಷ ಮೇ ನಡುವಿಗೇ ಬಾವಿ ಬತ್ತಿತು. ಒಂದು ದಿನ ಕ್ಯಾನಿನಿಂದ ಒಂದು ತಂಬಿಗೆ ಕೇಳಿ ತೆಗೆದುಕೊಂಡು ಬೇಳೆಗಿಟ್ಟರು. "ಅಕ್ಕೋರ, ಇದೇನ್ ನೀರ್ರಿ! ಒಂದು ಕುದಿಗೇ ಬ್ಯಾಳಿ ಬೆಣ್ಣಿ ಆಗ್ಯಾದ!" ಎಂದು ಸೌಟು ಹಿಡಿದುಕೊಂಡೇ ಓಡಿಬಂದಿದ್ದರು. ನಾನು ಹಲ್ಲು ಕಿರಿದು, ಕ್ಯಾನನ್ನು ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದೆ.

ಮೇ ಕೊನೆಯ ವಾರ ಅಫಜಲಪುರದಿಂದ ಶರಣಪ್ಪನಿಗೆ ಹೆಣ್ಣು ಕೊಡುವವರು ಮಾತು ಮುಗಿಸಲು ಬಂದರು. ಮನೆಯಲ್ಲಿ ಹೋಳಿಗೆ. ಅಂಥ ಹೋಳಿಗೆಯನ್ನು ನಾನು ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಹೂರಣ ನುಣ್ಣಗೆ, ಅಂಚಿನವರೆಗೂ ಹರಡಿ, ಎಲ್ಲೂ ಹರಿಯದೆ, ತುಪ್ಪ ಹಾಕಿದರೆ ಬಾಯಲ್ಲಿಟ್ಟದ್ದೇ ಗೊತ್ತಾಗದಂತಿತ್ತು. ಬೀಗರ ಹಿರಿಯರೊಬ್ಬರು ಐದನೆಯದನ್ನು ಹಾಕಿಸಿಕೊಂಡು, "ಭೀಮಾ ಹೊಳಿ ನೀರ್ನಾಗ ಮಾಡಿದ್ರೂ ಇಷ್ಟ್ ಮಿದು ಆಗಂಗಿಲ್ರಿ ನಮ್ಮಲ್ಲಿ," ಎಂದರು. ಮಾತು ಅಲ್ಲೇ ಮುಗಿಯಿತು, ಸಕ್ಕರೆ ಹಂಚಿದರು. ನಾನೂ ನಾಲ್ಕು ತಿಂದು, ಅದೇ ಖುಷಿಯಲ್ಲಿ ಸಂಜೆ ಹೊಸ ಪೊಟ್ಟಣ ಒಡೆದು ಬಫರ್ ಮಾಡಿ ಎರಡು ಸ್ಲೈಡಿಗೆ ಆಂಟಿಬಾಡಿ ಹಾಕಿದೆ.

ಮರುದಿನ ಬೆಳಿಗ್ಗೆ ಕನ್ನಡಿ ತಿರುಗಿಸಿ ಕಣ್ಣಿಟ್ಟೆ. ಕಂದು! ಒಂದೊಂದು ಜೀವಕೋಶದ ಸುತ್ತಲೂ ಸಪೂರ ಕಂದು ಗೆರೆ. ಒಂದರ ಗೆರೆ ಮುಗಿಯುವ ಕಡೆ ಇನ್ನೊಂದರದು ಶುರು. ನಾನು ಎದ್ದು ನಿಂತು ಮತ್ತೆ ಕೂತೆ. ಸ್ಲೈಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ತಲೆ ಬಾಚದೆ, ಸಿಕ್ಕ ಬಸ್ಸು ಹತ್ತಿ ಕಲಬುರಗಿಗೆ ಹೋದೆ. ಗೈಡ್ ಸರ್ ಬಹಳ ಹೊತ್ತು ನೋಡಿದರು. ನಕ್ಕರು. ಆಮೇಲೆ, "ಇನ್ನೊಮ್ಮೆ ಮಾಡಿ ತೋರ್ಸು. ಒಮ್ಮೆ ಬಂದದ್ದು ಲೆಕ್ಕಕ್ಕಿಲ್ಲ," ಎಂದು ಹೊಸ ಕ್ಯಾನು ನೀರು ತುಂಬಿಸಿ ಕಳಿಸಿದರು.

ಇನ್ನೊಮ್ಮೆ ಮಾಡಿದೆ. ಬೆಳ್ಳಗೆ! ಅದೇ ಕುರಿ, ಅದೇ ಮೇಣ, ಅದೇ ಡಬ್ಬಿ, ಅದೇ ನಾನು. ಶೀಷೆಯಲ್ಲಿ ಇನ್ನು ಮೂರೇ ಸ್ಲೈಡಿಗಾಗುವಷ್ಟು ಉಳಿದಿತ್ತು. ಕಾಲೇಜು ತೆರೆಯಲು ಒಂದು ವಾರ. ಪರಸಿಯ ಮೇಲೆ ಕೂತು ಜೋರಾಗಿ ಅತ್ತೆ. ನಾನು ಸುಲಭಕ್ಕೆ ಅಳುವವಳಲ್ಲ, ಸಿಟ್ಟು ಬಂದರೆ ಮಾತ್ರ ಅಳುತ್ತೇನೆ.

ನೀಲಮ್ಮ ಬಾಗಿಲಲ್ಲಿ ಬಂದು ನಿಂತರು. ಅವರ ಮುಖವೂ ಇಳಿದಿತ್ತು.

"ಅಕ್ಕೋರ, ಒಂದ್ ಮಾತ್ ಹೇಳ್ತೀನಿ, ಬೈಯಬ್ಯಾಡ್ರಿ. ನಿಮ್ಮ ಕೆಲಸ ಕೆಟ್ಟಿದ್ದು ನನ್ನಿಂದರೀ. ನಿಮ್ಮ ನೀರು ನಾ ತೊಗೊಂಡಿದ್ದೆ."

"ಯಾವ ನೀರ್ರಿ?"

"ಕ್ಯಾನಿನಾಗಿಂದು. ಬೀಗರು ಬಂದ ದಿನ ಹೂರಣದ ಬ್ಯಾಳಿಗಿ ಹಾಕೀನಿ. ಅಫಜಲಪುರದ ಮಂದಿ ಹೊಳಿ ನೀರು ಕುಡಿದವ್ರು. ಬಾವ್ಯಾಗ ನೀರಿಲ್ಲ. ಬೋರಿನ ನೀರ್ನಾಗ ಕುದಿಸಿದ್ರ ಹೂರಣ ತರಿ ತರಿ ಆಗಿ ಹೋಳಿಗಿ ಹರೀತಾವ. ಅಂಜಿ ಅಷ್ಟೂ ಸುರುವಿಕೊಂಡ್ಬಿಟ್ಟೆ."

"ಮತ್ತ ಸಂಜೀಗಿ ಕ್ಯಾನು ತುಂಬಿತ್ತಲ್ರಿ ಅವ್ವಾರ?"

"ಬೀಗರು ಬರೂ ಹೊತ್ತಿಗೆ ಮನ್ಯಾಗ ಖಾಲಿ ಕೊಡ ಇಡಬಾರದಲ್ರಿ, ಅಪಶಕುನ. ಕ್ಯಾನೂ ಕೊಡದಂಗನ ಅಂತ ಪಂಪು ಹೊಡದು ತುಂಬಿಸಿಟ್ಟೆ."

ನನ್ನ ಅಳು ನಿಂತಿತು. ಹಾಗಾದರೆ ಬಣ್ಣ ಬಂದದ್ದು ನನ್ನ ಶುದ್ಧ ನೀರಿನಲ್ಲಲ್ಲ, ಬೋರಿನ ನೀರಿನಲ್ಲಿ. ಶುದ್ಧ ನೀರಿನಲ್ಲಿ ಮಾಡಿದಾಗೆಲ್ಲ ಬೆಳ್ಳಗೆ. ನಾನು ಎದ್ದು ಅವರ ಎರಡೂ ಕೈ ಹಿಡಿದುಕೊಂಡೆ.

"ಅವ್ವಾರ, ಬೋರಿನ ನೀರಿಗಿ ಬ್ಯಾಳಿ ಯಾಕ ಬೇಯಂಗಿಲ್ರಿ?"

ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದರು. "ಆ ನೀರು ಬ್ಯಾಳಿಗಿ ಬಿಡಂಗಿಲ್ರಿ. ಬಿಗಿ ಹಿಡಸಿ ಕುಂದ್ರಸ್ತದ. ನಿಮ್ಮ ನೀರ್ನಾಗ ಹಿಡತನೇ ಇಲ್ಲ. ಹಾಕಿದ ಕೂಡ್ಲೆ ಬಿಟ್ಟುಕೊಟ್ಟು ಕರಗಿ ಹೋಗ್ತದ."

ಹಿಡಿತ! ನಾನು ನೋಡಹೊರಟದ್ದೂ ಹಿಡಿತವನ್ನೇ ಅಲ್ಲವೇ? ಬೇಳೆಯ ಕೋಶಗಳನ್ನು ಬಿಗಿ ಹಿಡಿಸುವುದು ಗಡಸು ನೀರಿನ ಕ್ಯಾಲ್ಸಿಯಂ. ಕರುಳಿನ ಕೋಶಗಳನ್ನು ಹಿಡಿದಿಡುವ ನನ್ನ ಪ್ರೋಟೀನೂ ಕ್ಯಾಲ್ಸಿಯಂ ಇದ್ದರೆ ಮಾತ್ರ ಆಕಾರದಲ್ಲಿ ನಿಲ್ಲುವಂಥದ್ದು. ಇದು ಗೊತ್ತಿಲ್ಲದ್ದೇನಲ್ಲ, ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ನಾನೇ ವರ್ಷವಿಡೀ ಅದನ್ನು ಒಂದು ಕಣವೂ ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ತೊಳೆತೊಳೆದು ಸಡಿಲು ಮಾಡಿ, ಆಂಟಿಬಾಡಿಗೆ ಗುರುತು ಸಿಗದಂತೆ ಮಾಡುತ್ತಿದ್ದೆ. ಓದಿದ ಕತ್ತೆ ಎಂದು ನನ್ನನ್ನೇ ಬೈದುಕೊಂಡು, ನೀಲಮ್ಮನವರನ್ನು ತಬ್ಬಿಕೊಂಡೆ. ಅವರು ಗಾಬರಿಯಾಗಿ, "ಬೈಯೂದಿದ್ರ ಬೈಯ್ರಿ ಅಕ್ಕೋರ, ಹೀಂಗ ಮಾಡಬ್ಯಾಡ್ರಿ," ಎಂದರು.

ಉಳಿದದ್ದು ಮೂರು ಸ್ಲೈಡಿಗಾಗುವಷ್ಟು. ತಪ್ಪಿದರೆ ಮೀನಿನ ಹುರುಪೆ. ಒಂದಕ್ಕೆ ಬೋರಿನ ನೀರಿನ ಬಫರ್, ಇನ್ನೊಂದಕ್ಕೆ ಶುದ್ಧ ನೀರಿನದು, ಮೂರನೆಯದಕ್ಕೆ ಶುದ್ಧ ನೀರಿಗೇ ಒಂದು ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್. ಅದನ್ನು ಖಾಜಾಸಾಬರು ಕಾಲೇಜಿನ ರಸಾಯನಶಾಸ್ತ್ರದ ಕಪಾಟಿನಿಂದ ತಂದುಕೊಟ್ಟರು. ಶೀಷೆ ಬೋರಲು ಹಾಕಿ ಕೊನೆಯ ಹನಿಯನ್ನೂ ಇಳಿಸಿದೆ. ನೀಲಮ್ಮ ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ನಾನು ದೇವರಲ್ಲಿ ಇನ್ನೊಮ್ಮೆ ಕ್ಷಮೆ ಕೇಳಿದೆ.

ಬೆಳಿಗ್ಗೆ ಖಾಜಾಸಾಬರೂ ಬಂದು ಕಟ್ಟೆಯ ಮೇಲೆ ಕೂತರು. ಮೊದಲನೆಯದು ಕಂದು. ಎರಡನೆಯದು ಬೆಳ್ಳಗೆ. ಮೂರನೆಯದನ್ನು ಇಟ್ಟು ಕನ್ನಡಿ ತಿರುಗಿಸಿದೆ. ಕಣ್ಣಿಟ್ಟೆ. ಕಂದು! ಮೊದಲನೆಯದಕ್ಕಿಂತ ಸ್ವಚ್ಛ, ಎಣಿಸಬಹುದಾದಂಥ ಗೆರೆಗಳು. "ಬಂತ್ರಿ!" ಎಂದು ಕೂಗಿದೆ. ಖಾಜಾಸಾಬರು ಕಟ್ಟೆಯಿಂದಲೇ ಎರಡೂ ಕೈ ಮೇಲೆತ್ತಿ, "ಮೇಡಮ್ಮರ ನಸೀಬ ತೆರೀತು!" ಎಂದರು.

ನೀಲಮ್ಮನವರನ್ನು ಕೂರಿಸಿ ತೋರಿಸಿದೆ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡಿದರು. "ಅಯ್ಯ ಶಿವನೇ, ಒಂದಕ್ಕೊಂದು ಎಷ್ಟ್ ಚಂದ ಹಿಡ್ಕೊಂಡು ನಿಂತಾವ!" ಎಂದರು. ಅಷ್ಟು ಖುಷಿಯಲ್ಲಿರುವಾಗ ಹೇಳಿಬಿಡಬೇಕು ಅನಿಸಿತು. ಅವರು ತಮ್ಮ ತಪ್ಪು ಒಪ್ಪಿಕೊಂಡಾಗಿತ್ತು, ನನ್ನದು ಇನ್ನೂ ಬಾಕಿಯಿತ್ತು.

"ಅವ್ವಾರ, ನಂದೂ ಒಂದು ಮಾತದ್ರಿ. ಅದು ಕುರಿ ಕರಳು."

ಕಣ್ಣು ಮೇಲೆತ್ತಲಿಲ್ಲ. "ಯಾವುದು?"

"ಈಗ ನೀವು ನೋಡಾಕತ್ತಿದ್ದು."

"ನನ್ನ ರೊಟ್ಟಿ ಡಬ್ಬ್ಯಾಗ?"

"ಹೌದ್ರಿ."

"ಬ್ಯಾಸಗಿ ಪೂರಾ?"

"ಹೌದ್ರಿ ಅವ್ವಾರ."

ಕಟ್ಟೆಯ ಮೇಲಿದ್ದ ಖಾಜಾಸಾಬರು ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದರು. ನೀಲಮ್ಮ ಮತ್ತೊಮ್ಮೆ ಬಗ್ಗಿ ನೋಡಿದರು. ಈ ಸಲ ಇನ್ನೂ ಹೆಚ್ಚು ಹೊತ್ತು. ಆಮೇಲೆ ಅವರ ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ ನಗುತ್ತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ನಾ ನಿನ್ನ ನೀರು ಕದ್ದೆ, ನೀ ನನ್ನ ಡಬ್ಬಿ ಕೆಡಿಸ್ದಿ. ಚೊಲೊ ಜೋಡಿ ಆಗ್ಯಾದ ಬಿಡಬೇ!" ಅಂದಿನಿಂದ ನನಗೆ ಬಹುವಚನ ತಪ್ಪಿತು, ನಾನು ಮನೆಮಗಳಾದೆ. ಆಮೇಲೆ ನನ್ನನ್ನು ಬಚ್ಚಲಿಗೆ ದೂಡಿ ಸ್ನಾನ ಮಾಡಿಸಿದರು, ತಾವೂ ಮಾಡಿದರು, ಇಬ್ಬರೂ ಲಿಂಗಪೂಜೆ ಮುಗಿಸಿ ಚಹಾ ಕುಡಿದೆವು. "ಡಬ್ಬಿ ನೀನೇ ಇಟ್ಕೊ. ನನಗ ಬ್ಯಾಡ. ಆದ್ರ ನಿನ್ನ ಪುಸ್ತಕದಾಗ ನನ್ನ ಹೆಸರು ಬರೀಬೇಕು ನೋಡು. ನೀರು ನಂದು." ಮಧ್ಯಾಹ್ನ ಮೋಡ ಕಟ್ಟಿ, ಆ ವರ್ಷದ ಮೊದಲ ಮಳೆ ಬಿತ್ತು. ಮೂವರೂ ಕಟ್ಟೆಯ ಮೇಲೆ ಕೂತು ನೋಡಿದೆವು.

ಸ್ಲೈಡು ನೋಡಿ ಗೈಡ್ ಸರ್ ಮೀನಿನ ಮಾತು ಮತ್ತೆ ಎತ್ತಲಿಲ್ಲ. ಹೇಗೋ ಮಾಡಿ ಇನ್ನೊಂದು ಶೀಷೆ ತರಿಸಿಕೊಟ್ಟರು. ಎರಡು ವರ್ಷಕ್ಕೆ ಪ್ರಬಂಧ ಮುಗಿಯಿತು. ಬೈಂಡು ಮಾಡಿಸಿದ ಪ್ರತಿ ಹಿಡಿದು ಜೇವರ್ಗಿಗೆ ಹೋದೆ. ಆ ಹೊತ್ತಿಗೆ ಅಫಜಲಪುರದ ಸೊಸೆಯ ಮಡಿಲಲ್ಲಿ ಒಂದು ಹೆಣ್ಣು ಕೂಸು ಆಡುತ್ತಿತ್ತು, ಹೋದ ವರ್ಷ ಮದುವೆಯಾದದ್ದು ಅದೇ. ಕೃತಜ್ಞತೆಯ ಪುಟ ತೆಗೆದು, ಇಂಗ್ಲಿಷ್ ಅಕ್ಷರಗಳ ಮೇಲೆ ನೀಲಮ್ಮನವರ ಬೆರಳು ಹಿಡಿದು ನಡೆಸಿ, "ಇಲ್ಲಿ ನೋಡ್ರಿ, ನೀಲಮ್ಮ, ಜೇವರ್ಗಿ, ನೀರು ಕೊಟ್ಟವರು ಅಂತ ಬರ್ದೀನಿ," ಎಂದೆ. ಅವರು ತಮ್ಮ ಹಣೆಯ ವಿಭೂತಿಯನ್ನೇ ಬೆರಳಿಗೆ ತಾಗಿಸಿ ಆ ಸಾಲಿಗೆ ಹಚ್ಚಿದರು. ಅದರ ಬಿಳಿ ಗುರುತು ಇವತ್ತಿಗೂ ಆ ಪುಟದ ಮೇಲಿದೆ.

ಆಮೇಲೆ ಏನೋ ನೆನಪಾದವರಂತೆ ಕೇಳಿದರು: "ಕುರಿದು ಬರ್ದೀಯೇನು?"

"ಬರ್ದೀನ್ರಿ. ಅದರದು ಮೊದಲನೇ ಪುಟದಾಗೇ ಬರ್ತದ, ನಿಮ್ಮ ಹೆಸರಿಗಿಂತ ಮುಂಚೆ. ಸಿಟ್ಟಿಗೇಳಬ್ಯಾಡ್ರಿ ಮತ್ತ."

ನೀಲಮ್ಮ ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ನನ್ನ ತೊಡೆಯ ಮೇಲಿಟ್ಟರು.

"ಇರ್ಲಿ ಬಿಡವ್ವ, ಅದೇ ಬರೋಬ್ಬರಿ ಅದ. ಅದು ಜೀವ ಕೊಟ್ಟದ. ನಾ ಬರೇ ನೀರು ಕೊಟ್ಟೀನಿ."